ಓಪನ್ ಸೋರ್ಸ್ ಕೆಲಸಕ್ಕೆ ಕೈ ಹಾಕುವುದು ಎಲ್ಲಿಂದ? ಹೊಸನಗರದಿಂದ ಒಂದು ಪ್ರಶ್ನೆ

ಹಿನ್ನೀರ ಹುಡುಗಿ, ಹೊಸನಗರ

ಎಲ್ಲರಿಗೂ ನಮಸ್ಕಾರ. ಬಿಸಿಎ ಮುಗಿಸಿ ಎರಡು ವರ್ಷವಾಯಿತು. ಈಗ ಊರಿನ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಪೈಥಾನ್ ಚೆನ್ನಾಗಿ ಬರುತ್ತದೆ, ಜಾವಾಸ್ಕ್ರಿಪ್ಟ್ ಓದಿದರೆ ಅರ್ಥವಾಗುತ್ತದೆ. ಬೆಂಗಳೂರಿಗೆ ಹೋಗುವ ಮನಸ್ಸಿಲ್ಲ. ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟವಿದೆ, ನಾನೊಬ್ಬಳೇ ಮಗಳು. ಆದರೆ ಕಲಿತದ್ದಕ್ಕೆ ತುಕ್ಕು ಹಿಡಿಯಬಾರದು, ನಾನು ಬರೆದ ನಾಲ್ಕು ಸಾಲು ಯಾರಿಗಾದರೂ ಉಪಯೋಗವಾಗಬೇಕು ಎಂಬ ಆಸೆ ಬಹಳ ದಿನಗಳಿಂದ ಇದೆ.

ಕಳೆದ ಮಳೆಗಾಲದಲ್ಲಿ ಓಪನ್ ಸೋರ್ಸ್‌ನ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ, ಒಂದು ದೊಡ್ಡ ಪ್ರಾಜೆಕ್ಟ್ ಆರಿಸಿಕೊಂಡು ಅದರ ಕೋಡನ್ನೆಲ್ಲ ಲ್ಯಾಪ್‌ಟಾಪ್‌ಗೆ ಇಳಿಸಲು (ಕ್ಲೋನ್ ಮಾಡಲು) ಕುಳಿತೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗುಲಿಯ ಕೊನೆಯ ಕಂಬದ ಬಳಿ ಮಾತ್ರ, ಅದೂ ಗಾಳಿ ಇಲ್ಲದ ಹೊತ್ತಿನಲ್ಲಿ. ಮೂರು ಸಲ ಎಪ್ಪತ್ತು ಶೇಕಡಾ ದಾಟಿ ನಿಂತುಹೋಯಿತು, ಮೂರು ಸಲವೂ ಮೊದಲಿನಿಂದ. ನಾಲ್ಕನೆಯ ಸಲ ಇಳಿಯಿತು. ತೆರೆದು ನೋಡಿದರೆ ಸಾವಿರಾರು ಕಡತಗಳು. ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂದೇ ತಿಳಿಯಲಿಲ್ಲ.

ಅಕ್ಟೋಬರ್‌ನಲ್ಲಿ ಮತ್ತೊಂದು ಪ್ರಾಜೆಕ್ಟ್‌ನಲ್ಲಿ ಅದರ ಪರಿಚಯ ಬರೆದಿಡುವ ರೀಡ್‌ಮಿ ಕಡತದ ಒಂದು ವಾಕ್ಯ ತಿದ್ದಿ, ಆ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ (ಪುಲ್ ರಿಕ್ವೆಸ್ಟ್) ಕಳುಹಿಸಿದೆ. ಹತ್ತು ನಿಮಿಷದಲ್ಲಿ ಮುಚ್ಚಿದರು. ‘ಸ್ಪ್ಯಾಮ್’ ಎಂಬ ಒಂದು ಚೀಟಿ ಅಂಟಿಸಿದ್ದರು, ಬೇರೆ ಮಾತಿಲ್ಲ. ಆ ವಾಕ್ಯ ನಿಜವಾಗಿಯೂ ತಪ್ಪಿತ್ತು. ಅವತ್ತು ಬಹಳ ನೋವಾಯಿತು, ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ನನ್ನ ಇಂಗ್ಲಿಷ್ ಕೂಡ ಪುಸ್ತಕದ ಇಂಗ್ಲಿಷ್. ಏನಾದರೂ ಬರೆದರೆ ನಗುತ್ತಾರೇನೋ ಎಂಬ ಭಯ ಇದ್ದೇ ಇದೆ.

ನಾನು ಉಪಯೋಗಿಸುವ ಓಪನ್ ಸೋರ್ಸ್ ತಂತ್ರಾಂಶ ಎಂದರೆ ತೋಟದ ಖರ್ಚು ಬರೆಯುವ ಒಂದು ಸಣ್ಣ ಆ್ಯಪ್. ಅಪ್ಪ ಮೊಬೈಲ್‌ನಲ್ಲಿ ಬರೆಯುತ್ತಾರೆ, ನಾನು ಲ್ಯಾಪ್‌ಟಾಪ್‌ನಲ್ಲಿ. ಎರಡೂ ಒಂದೇ ಕಡೆ ಸೇರುತ್ತವೆ. ಅದರಲ್ಲೂ ತಲೆನೋವಿದೆ. ವರ್ಷದ ಮೊತ್ತ ತೆಗೆದರೆ ‘ಡೀಸೆಲ್’ ಎಂಬ ಬಾಬ್ತು ಎರಡು ಸಲ ಬರುತ್ತದೆ, ಟಿಲ್ಲರ್‌ಗೆ ಹಾಕಿಸಿದ ದುಡ್ಡು ಎರಡು ಪಾಲಾಗಿರುತ್ತದೆ. ಅಪ್ಪನೇ ಎರಡು ಬಾಬ್ತು ಮಾಡಿದ್ದಾರೆ ಎಂದು ಅವರನ್ನು ಬೈದಿದ್ದೇನೆ.

ನನ್ನಂಥವಳು ಯಾವ ಪ್ರಾಜೆಕ್ಟ್ ಆರಿಸಿಕೊಳ್ಳಬೇಕು? ಇಂಥ ನೆಟ್‌ವರ್ಕ್ ಇಟ್ಟುಕೊಂಡು ಇದು ಆಗುವ ಕೆಲಸವೇ?

ಭದ್ರಾ ಎಡದಂಡೆ, ಭದ್ರಾವತಿ

ನೆಟ್‌ವರ್ಕ್ ವಿಷಯ ನಾನು ಹೇಳುತ್ತೇನೆ. ಕ್ಲೋನ್ ಮಧ್ಯದಲ್ಲಿ ಕಡಿದರೆ ಗಿಟ್ (ಕೋಡ್‌ನ ಪ್ರತಿ ಬದಲಾವಣೆಯ ದಾಖಲೆ ಇಡುವ ತಂತ್ರಾಂಶ) ಅಲ್ಲಿಂದ ಮುಂದುವರಿಸುವುದಿಲ್ಲ, ಇಳಿದಷ್ಟನ್ನೂ ಎಸೆದು ಮೊದಲಿನಿಂದ ಶುರು ಮಾಡುತ್ತದೆ. ಅದಕ್ಕೇ ನಿಮಗೆ ಮೂರು ಸಲ ಹಾಗಾಯಿತು. ಮುಂದಿನ ಸಲ ಕ್ಲೋನ್ ಮಾಡುವಾಗ ‘ಡೆಪ್ತ್’ ಎಂಬ ಆಯ್ಕೆಗೆ 1 ಎಂದು ಕೊಡಿ. ಹಳೆಯ ಇತಿಹಾಸವನ್ನೆಲ್ಲ ಬಿಟ್ಟು ಈಗಿನ ಸ್ಥಿತಿ ಮಾತ್ರ ಇಳಿಯುತ್ತದೆ. ಹಳೆಯ ಪ್ರಾಜೆಕ್ಟ್‌ಗಳಲ್ಲಿ ಇದರಿಂದ ಬಹಳ ಹೊರೆ ಇಳಿಯುತ್ತದೆ. ಇತಿಹಾಸ ಬೇಕಾದಾಗ ಫೆಚ್ ಮಾಡುವಾಗ ‘ಡೀಪನ್’ ಕೊಟ್ಟು ಸ್ವಲ್ಪ ಸ್ವಲ್ಪವೇ ತರಿಸಿಕೊಳ್ಳಬಹುದು.

ಒಮ್ಮೆ ಇಳಿಯಿತೆಂದರೆ ಜಗುಲಿಯ ಕಂಬ ಬೇಕಾಗುವುದಿಲ್ಲ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗಾಗಿ ಗಿಟ್ ಬರೆದಾಗಿನಿಂದಲೂ ಅದರ ಗುಣವೇ ಇದು: ಕಮಿಟ್ (ಬದಲಾವಣೆ ದಾಖಲಿಸುವುದು), ಬ್ರಾಂಚ್ (ಬೇರೆ ಕವಲಿನಲ್ಲಿ ಕೆಲಸ), ಡಿಫ್ (ವ್ಯತ್ಯಾಸ), ಲಾಗ್ (ಇತಿಹಾಸ) ಎಲ್ಲವೂ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ನಡೆಯುತ್ತವೆ. ತರುವುದಕ್ಕೆ, ಕಳುಹಿಸುವುದಕ್ಕೆ ಮಾತ್ರ ನೆಟ್‌ವರ್ಕ್. ಕರೆಂಟ್ ಇಲ್ಲದ ಸಂಜೆ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಮಾಡಿ, ಬೆಳಿಗ್ಗೆ ಸಂಘದ ಕಚೇರಿಗೆ ಹೋಗುವಾಗ ದಾರಿಯಲ್ಲಿ ಸಿಗ್ನಲ್ ಸಿಕ್ಕ ಕಡೆ ಪುಶ್ ಮಾಡಿದರೆ ಆಯಿತು.

ಶುರುವಿನಲ್ಲೇ ಮಾಡಿಕೊಳ್ಳಬೇಕಾದ ಎರಡು ಕೆಲಸಗಳಿವೆ. ಪ್ರತಿ ಕಮಿಟ್‌ನಲ್ಲೂ ನಿಮ್ಮ ಇ-ಮೇಲ್ ವಿಳಾಸ ಅಚ್ಚಾಗುತ್ತದೆ, ಆಮೇಲೆ ಅಳಿಸುವುದು ಕಷ್ಟ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಸೆಟ್ಟಿಂಗ್‌ನಲ್ಲಿ ವಿಳಾಸ ಮರೆಮಾಡುವ ಆಯ್ಕೆ ಇದೆ. ಅದು ಕೊಡುವ ಬದಲಿ ವಿಳಾಸವನ್ನು ಗಿಟ್‌ನಲ್ಲಿ ಹಾಕಿಕೊಳ್ಳಿ, ಹೆಣ್ಣುಮಕ್ಕಳಂತೂ ತಪ್ಪದೆ ಮಾಡಿ. ಇನ್ನೊಂದು, ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಗಿಟ್ ಸ್ಟೇಟಸ್‌ನಲ್ಲಿ ‘ಕ’ ಇರಬೇಕಾದ ಕಡೆ 340, 262, 225 ಎಂದು ಅಂಕಿಗಳು ಕಾಣುತ್ತವೆ. ಗಾಬರಿಯಾಗಬೇಡಿ, ಕಡತ ಕೆಟ್ಟಿಲ್ಲ. ಕಾನ್ಫಿಗ್‌ನಲ್ಲಿ ‘ಕೋಟ್‌ಪಾತ್’ ಎಂಬುದನ್ನು ಫಾಲ್ಸ್ ಮಾಡಿದರೆ ಕನ್ನಡವೇ ಕಾಣುತ್ತದೆ.

ಅಕ್ಟೋಬರ್‌ನ ಅವಮಾನ ನಿಮ್ಮೊಬ್ಬರದಲ್ಲ. ಹ್ಯಾಕ್ಟೋಬರ್‌ಫೆಸ್ಟ್ ಎಂಬ, ಪ್ರತಿ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್‌ಗೆ ಕೊಡುಗೆ ಕೊಡಲು ಹುರಿದುಂಬಿಸುವ ಕಾರ್ಯಕ್ರಮ 2014ರಿಂದ ನಡೆಯುತ್ತಿದೆ. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳುಹಿಸಿದವರಿಗೆ ಟೀ ಶರ್ಟ್ ಎಂದಿತ್ತು. ಟೀ ಶರ್ಟ್ ಆಸೆಗೆ ಜನ ರೀಡ್‌ಮಿಗಳಲ್ಲಿ ಅರ್ಥವಿಲ್ಲದ ಪದಗಳನ್ನು ತುರುಕಿ ರಾಶಿ ರಾಶಿ ಕಳುಹಿಸಿದರು, ನಮ್ಮ ದೇಶದಿಂದ ಹೋದದ್ದೂ ಕಡಿಮೆ ಅಲ್ಲ. ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಮಾತ್ರ ಎಂಬ ನಿಯಮ ಬಂದದ್ದು ಆಮೇಲೆ. ಅಂದಿನಿಂದ ಆ ತಿಂಗಳು ಅಪರಿಚಿತರಿಂದ ರೀಡ್‌ಮಿ ತಿದ್ದುಪಡಿ ಬಂದರೆ ಎಷ್ಟೋ ಜನ ಓದದೆಯೇ ಮುಚ್ಚುತ್ತಾರೆ. ನಿಮ್ಮದು ಸರಿಯಾಗಿದ್ದರೂ ಆ ರಾಶಿಯ ಜೊತೆಗೇ ಹೋಯಿತು.

ತುಂಗೆಯ ದಡ, ತೀರ್ಥಹಳ್ಳಿ

ಕೋಡ್‌ಗೆ ಹೋಗುವ ಮೊದಲು ಅನುವಾದ ಮಾಡಿ ಎನ್ನುವುದು ನನ್ನ ಅಭಿಪ್ರಾಯ. ಫೈರ್‌ಫಾಕ್ಸ್‌ಗೆ ಮೊಜಿಲ್ಲಾದವರ ಪೊಂಟೂನ್ ಎಂಬ ಅನುವಾದದ ತಾಣ ಇದೆ, ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿಗೆ ಟ್ರಾನ್ಸ್‌ಲೇಟ್‌ವಿಕಿ ಇದೆ, ಲಿಬ್ರೆ ಆಫೀಸ್‌ಗೆ ವೆಬ್ಲೇಟ್ ಇದೆ. ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಬ್ರೌಸರ್ ಸಾಕು.

ಆದರೆ ನೀವು ದಿನವೂ ಮುಟ್ಟುವ ತಂತ್ರಾಂಶವನ್ನೇ ಆರಿಸಿಕೊಳ್ಳಿ. ಪರದೆ ನೋಡದೆ ಪಟ್ಟಿ ನೋಡಿ ಅನುವಾದಿಸಿದವರು ‘ಕ್ಲೋಸ್’ ಗುಂಡಿಗೆ ‘ಹತ್ತಿರ’ ಎಂದು ಬರೆದದ್ದನ್ನು ಕಂಡಿದ್ದೇನೆ. ನಮ್ಮ ವಿಭಕ್ತಿ ಪ್ರತ್ಯಯಗಳ ಕಷ್ಟ ಬೇರೆ. ಊರಿನ ಹೆಸರು ಬರುವ ಜಾಗ ಖಾಲಿ ಬಿಟ್ಟು ಅದರ ಮುಂದೆ ‘ಗೆ’ ಎಂದು ಬರೆದರೆ ‘ಭದ್ರಾವತಿಗೆ’ ಸರಿಯಾಗುತ್ತದೆ, ‘ಹೊಸನಗರಗೆ’ ಕಿವಿಗೆ ಚುಚ್ಚುತ್ತದೆ. ಅಂಥ ಕಡೆ ನಾನು ವಾಕ್ಯವನ್ನೇ ಬದಲಿಸಿ ‘ತಲುಪಬೇಕಾದ ಊರು: ಹೊಸನಗರ’ ಎಂದು ಮಾಡುತ್ತೇನೆ. ಇದನ್ನು ಕನ್ನಡದ ಕಿವಿ ಇರುವವರೇ ಮಾಡಬೇಕು. ಅನುವಾದವನ್ನು ಕೆಳಗಿನ ದರ್ಜೆಯ ಕೆಲಸ ಎನ್ನುವವರ ಮಾತು ಕೇಳಬೇಡಿ.

ಸಾಗರದ ಮೇಷ್ಟ್ರು

ತಂಗಿ, ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ಡೀಸೆಲ್‌ನಿಂದ ಶುರು ಮಾಡಿ.

ಅನುವಾದದ ಬಗ್ಗೆ ಮೇಲಿನವರು ಹೇಳಿದ್ದು ನಿಜ, ಅದನ್ನು ಯಾವಾಗ ಬೇಕಾದರೂ ಮಾಡಬಹುದು. ಆದರೆ ನಿಮ್ಮ ಕೈಯಲ್ಲಿ ಈಗಾಗಲೇ ಒಂದು ಕೆಲಸವಿದೆ, ಅದನ್ನು ಬಿಟ್ಟು ಬೇರೆ ಪ್ರಾಜೆಕ್ಟ್ ಏಕೆ ಹುಡುಕುತ್ತೀರಿ? ಒಂದೇ ಪದ ಎರಡು ಸಲ ಬಂದದ್ದು ಬಹುಶಃ ನಿಮ್ಮ ಅಪ್ಪನ ತಪ್ಪಲ್ಲ. ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಅಗಲವೇ ಇಲ್ಲದ ಒಂದು ಅಕ್ಷರವಿದೆ, ಸಂಖ್ಯೆ 200ಸಿ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ ಕೆಳಗೆ ಕ ಒತ್ತಾಗಿ ಇಳಿಯದಂತೆ ತಡೆಯುವುದು ಅದೇ. ಕೆಲವು ಕೀಬೋರ್ಡ್‌ಗಳು ಪದದ ಕೊನೆಯಲ್ಲಿ ಅರ್ಧಾಕ್ಷರ ಬಂದರೆ ಅಲ್ಲಿಯೂ ಇದನ್ನು ಸೇರಿಸಿಬಿಡುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕಂಪ್ಯೂಟರಿಗೆ ಕಾಣುತ್ತದೆ. ನಿಮಗೆ ಪೈಥಾನ್ ಬರುತ್ತದೆಯಲ್ಲ, ಎರಡು ‘ಡೀಸೆಲ್’ಗಳನ್ನೂ ನಕಲು ಮಾಡಿ, ಉದ್ದ ಎಣಿಸುವ ‘ಲೆನ್’ ಹಾಕಿ. ಡ, ಅದರ ದೀರ್ಘ, ಸ, ಅದರ ಎತ್ವ, ಲ, ಹಲಂತ (ಸ್ವರ ಕಳೆಯುವ ಚಿಹ್ನೆ): ಆರು ಬರಬೇಕು. ಒಂದಕ್ಕೆ ಏಳು ಬಂದರೆ ಕಳ್ಳ ಸಿಕ್ಕ ಹಾಗೆ.

ನನ್ನ ಮೊದಲ ಕೊಡುಗೆಯೂ ಹೀಗೇ ಆಯಿತು. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುವವನು. ಮಕ್ಕಳಿಗೆ ಸ್ತಂಭಾಲೇಖ ಕಲಿಸಲು ಒಂದು ಓಪನ್ ಸೋರ್ಸ್ ಚಾರ್ಟ್ ತಂತ್ರಾಂಶದಲ್ಲಿ ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳ ಮಳೆಯನ್ನು ಹಾಕಿದೆ. ಸಾಗರ, ಸೊರಬ, ಹೊಸನಗರ ಸರಿಯಾಗಿ ಬಂದವು. ಉಳಿದ ನಾಲ್ಕು ‘ಶಿವಮೊಗ್’, ‘ಭದ್ರಾವತ’, ‘ತೀರ್ಥಹಳ’, ‘ಶಿಕಾರಿಪ’ ಎಂದು ಬಂದವು. ಆ ರಾತ್ರಿಯೇ ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದು ಒಂದು ಸಾಲು ಬರೆದು ಹಾಕಿದೆ. ಎರಡು ತಿಂಗಳು ಯಾರೂ ತಿರುಗಿ ನೋಡಲಿಲ್ಲ, ಸಿಟ್ಟು ಬಂತು.

ಆ ವರ್ಷ ತೋಟಕ್ಕೆ ಕೊಳೆರೋಗ ಬಂದಾಗ ನನಗೆ ಬುದ್ಧಿ ಬಂತು. ತೋಟಗಾರಿಕೆಯವರ ಬಳಿ ಹೋಗಿ ‘ಔಷಧಿ ಹಿಡಿಯಲಿಲ್ಲ’ ಎಂದೆ. ಅವರು ಕೇಳಿದರು: 100 ಲೀಟರ್ ನೀರಿಗೆ ಮೈಲುತುತ್ತ ಎಷ್ಟು ಹಾಕಿದಿರಿ, ಸುಣ್ಣ ಎಷ್ಟು, ಎರಡನ್ನೂ ಬೇರೆ ಬೇರೆ ಕರಗಿಸಿದಿರೋ ಇಲ್ಲವೋ, ಹೊಡೆದು ಎಷ್ಟು ಹೊತ್ತಿಗೆ ಮಳೆ ಬಂತು? ಅಷ್ಟು ಹೇಳದೆ ಅವರಾದರೂ ಏನು ಮಾಡಿಯಾರು? ನನ್ನ ಒಂದು ಸಾಲಿನ ದೂರು ಓದಿದವರ ಪಾಡೂ ಅದೇ.

ಮನೆಗೆ ಬಂದು ಕುಳಿತು ಎಣಿಸಿದೆ. ಶ, ಇಕಾರದ ಗುಡಿಸು, ವ, ಮ, ಒತ್ವ, ಗ, ಹಲಂತ, ಗ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಎಂಟು. ತಂತ್ರಾಂಶ ಏಳಕ್ಕೆ ಕತ್ತರಿ ಹಾಕುತ್ತಿತ್ತು. ಕೊನೆಯ ಗ ಬಿದ್ದುಹೋಗಿ ಹಲಂತ ಬೋಳಾಗಿ ನಿಂತಿತ್ತು. ಏಳು ಊರುಗಳಿಗೂ ಹೀಗೇ ಎಣಿಸಿ ಕೋಷ್ಟಕ ಮಾಡಿದೆ: ಏನು ಬರೆದೆ, ಏನು ಬರಬೇಕಿತ್ತು, ಏನು ಬಂತು. ತಂತ್ರಾಂಶದ ಯಾವ ಆವೃತ್ತಿ, ಯಾವ ಬ್ರೌಸರ್ ಎಂದೂ ಬರೆದೆ. ಎರಡೇ ದಿನದಲ್ಲಿ ಉತ್ತರ ಬಂತು. ಒತ್ತಕ್ಷರ ಎಂದರೇನೆಂದು ಅವರಿಗೆ ತಿಳಿದಿರಲಿಲ್ಲ. ಕಪ್ಪುಹಲಗೆಯ ಮೇಲೆ ‘ಗ್ಗ’ ಬಿಡಿಸಿ ಬರೆದು ಫೋಟೋ ತೆಗೆದು ಕಳುಹಿಸಿದೆ. ‘ನೀವೇ ಸರಿಪಡಿಸುತ್ತೀರಾ?’ ಎಂದು ಕೇಳಿದರು. ಹನ್ನೊಂದು ಸಾಲಿನ ಬದಲಾವಣೆ, ನಾಲ್ಕು ಸಲ ತಿದ್ದಿಸಿದರು, ಮೂರು ವಾರ ಹಿಡಿಯಿತು. ಇವತ್ತು ಆ ತಂತ್ರಾಂಶ ಹೊಸ ಆವೃತ್ತಿಗೆ ಹೋಗುವ ಪ್ರತಿ ಸಲವೂ ನಮ್ಮ ಏಳು ತಾಲ್ಲೂಕುಗಳ ಹೆಸರು ಅದರ ಪರೀಕ್ಷೆಯಲ್ಲಿ (ಕೋಡ್ ಸರಿಯಿದೆಯೇ ಎಂದು ತಾನೇ ನೋಡುವ ಕೋಡ್‌ನಲ್ಲಿ) ಓಡುತ್ತವೆ.

ಇಂಗ್ಲಿಷ್ ಬಗ್ಗೆ ಚಿಂತೆ ಬಿಡಿ. ನನ್ನ ಆ ವರದಿಯಲ್ಲಿ ಇಂಗ್ಲಿಷ್ ಇದ್ದದ್ದು ಆರು ವಾಕ್ಯ, ಎಲ್ಲವೂ ಚಿಕ್ಕವು. ಉಳಿದದ್ದು ಕೋಷ್ಟಕ.

ಹಿನ್ನೀರ ಹುಡುಗಿ, ಹೊಸನಗರ

ಮೇಷ್ಟ್ರೇ, ಈಗಷ್ಟೇ ಹಾಕಿ ನೋಡಿದೆ. ನನ್ನದು ಆರು, ಅಪ್ಪನದು ಏಳು. ಕಾಣದ ಅಕ್ಷರವನ್ನೂ ತೋರಿಸುವ ‘ರೆಪರ್’ ಕೊಟ್ಟರೆ ಅಪ್ಪನ ‘ಡೀಸೆಲ್’ನ ಬಾಲದಲ್ಲಿ 200ಸಿ ಎಂದು ಎದ್ದು ಕಾಣುತ್ತಿದೆ. ಅಪ್ಪನಿಗೆ ಹೇಳಿ ಬಂದೆ. ಅವರು ಏನೂ ಅನ್ನಲಿಲ್ಲ, ನಕ್ಕರು. ನನಗೆ ಅವರನ್ನು ಬೈದದ್ದು ನೆನಪಾಗಿ ಸಂಕಟವಾಯಿತು. ಈಗ ಕೋಡ್‌ನಲ್ಲಿ ಆ ಅಕ್ಷರ ಕಂಡಲ್ಲೆಲ್ಲ ಅಳಿಸುವ ಒಂದು ಸಾಲು ಸೇರಿಸಿ ನೇರವಾಗಿ ಪುಲ್ ರಿಕ್ವೆಸ್ಟ್ ಕಳುಹಿಸಿದರೆ ಆದೀತೇ?

ಸಂಜೆಯ ಪಾಳಿ, ವಿನೋಬನಗರ, ಶಿವಮೊಗ್ಗ

ದಯವಿಟ್ಟು ಹಾಗೆ ಮಾಡಬೇಡಿ, ಸ್ವಲ್ಪ ತಡೆಯಿರಿ. ನಾನೂ ಒಂದು ಸಣ್ಣ ಲೈಬ್ರರಿಯ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಕೋಡ್‌ನ) ಮೇಂಟೇನರ್, ಅಂದರೆ ಅದನ್ನು ನೋಡಿಕೊಳ್ಳುವವಳು. ಪುಲ್ ರಿಕ್ವೆಸ್ಟ್ ಬಂದು ಬೀಳುವ ಕಡೆಯಿಂದ ಹೇಳುತ್ತೇನೆ.

ಮೊದಲು ಅಕ್ಷರದ ಮಾತು. ಕಂಡಲ್ಲೆಲ್ಲ ಅಳಿಸಿದರೆ ಜನರ ಹೆಸರು ಕೆಡುತ್ತದೆ, ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಅದರ ಜೊತೆಗಾರ 200ಡಿಯನ್ನೂ ಅಳಿಸಿದರಂತೂ ‘ರ‍್ಯಾಂಕ್’ ಪದದ ರ ತಲೆಕೆಳಗಾಗಿ ಅರ್ಕಾವತ್ತಾಗಿ ‘ರ್ಯಾಂಕ್’ ಎಂದು ಕೂರುತ್ತದೆ. ಬಳಕೆದಾರರು ಬರೆದದ್ದನ್ನು ಮುಟ್ಟಬಾರದು. ಎರಡು ಬಾಬ್ತು ಒಂದೇ ಹೌದೋ ಅಲ್ಲವೋ ಎಂದು ಹೋಲಿಸುವ ಜಾಗದಲ್ಲಿ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸಾಕು.

ಇನ್ನು ಕ್ರಮ. ಮೊದಲು ಇಶ್ಯೂ (ತೊಂದರೆಯ ವರದಿ) ಬರೆಯಿರಿ, ಹೀಗೆ ಸರಿಪಡಿಸಬಹುದೇ ಎಂದು ಕೇಳಿ, ಅವರು ಹೂಂ ಎಂದ ಮೇಲೆ ಕೋಡ್ ಮುಟ್ಟಿ. ಕಾಂಟ್ರಿಬ್ಯೂಟಿಂಗ್ ಎಂಬ ಕಡತ ಇದ್ದರೆ ಪೂರ್ತಿ ಓದಿ, ಕೋಡ್ ಶೈಲಿಯಿಂದ ಹಿಡಿದು ಪರೀಕ್ಷೆ ಓಡಿಸುವ ವಿಧಾನದವರೆಗೆ ಅಲ್ಲಿರುತ್ತದೆ. ಜೊತೆಗೆ ಬೇರೆ ಕಡೆಯ ಅಂತರ, ಅಲ್ಪವಿರಾಮ ತಿದ್ದಬೇಡಿ.

ನನ್ನ ದಿನ ಹೇಗಿರುತ್ತದೆ ಕೇಳಿ. ಕೆಲಸ ಮುಗಿಸಿ ಬಂದು, ಅಡುಗೆಯಾಗಿ, ಮಗ ಮಲಗಿದ ಮೇಲೆ ಒಂಬತ್ತೂವರೆಗೆ ಕುಳಿತುಕೊಳ್ಳುತ್ತೇನೆ. ಆಗ ಮುನ್ನೂರು ಸಾಲಿನ ಬದಲಾವಣೆ ಕಂಡರೆ ನಾಳೆ ನೋಡೋಣ ಎಂದು ಮುಚ್ಚುತ್ತೇನೆ, ಆ ನಾಳೆ ಬರುವುದೇ ಇಲ್ಲ. ಹತ್ತು ಸಾಲು, ಜೊತೆಗೊಂದು ಪರೀಕ್ಷೆ ಇದ್ದರೆ ಅವತ್ತೇ ಸೇರಿಸಿಬಿಡುತ್ತೇನೆ. ಆದ್ದರಿಂದ ಎರಡು ವಾರ ಸುದ್ದಿ ಇಲ್ಲದಿದ್ದರೆ ಅದು ತಿರಸ್ಕಾರವಲ್ಲ. ಒಂದು ಸಲ ಸೌಜನ್ಯದಿಂದ ನೆನಪಿಸಿ. ಯಂತ್ರದಿಂದ ಬರೆಸಿದ ಕೋಡನ್ನು ಅರ್ಥಮಾಡಿಕೊಳ್ಳದೆ ಕಳುಹಿಸುವವರು ಈಗ ಬಹಳ. ಈ ಸಾಲು ಏಕೆ ಎಂದು ಕೇಳಿದರೆ ಉತ್ತರವಿರುವುದಿಲ್ಲ, ನನ್ನ ಆ ರಾತ್ರಿ ಹಾಳಾಗುತ್ತದೆ. ನೀವು ಆರು ಮತ್ತು ಏಳು ಎಣಿಸಿದವರು, ನಿಮಗೆ ಆ ಭಯವಿಲ್ಲ.

ಹಿನ್ನೀರ ಹುಡುಗಿ, ಹೊಸನಗರ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಸಂಜೆಯ ಪಾಳಿಯ ಅಕ್ಕ ಹೇಳಿದಂತೆ ಮೊದಲು ಇಶ್ಯೂ ಬರೆದೆ, ಮೇಷ್ಟ್ರ ಹಾಗೆ ಕೋಷ್ಟಕ ಹಾಕಿದೆ. ಒಂಬತ್ತು ದಿನ ಸುದ್ದಿ ಇರಲಿಲ್ಲ. ಮೊದಲಿನ ನಾನಾಗಿದ್ದರೆ ಕೈಬಿಡುತ್ತಿದ್ದೆ. ಹತ್ತನೆಯ ದಿನ ಉತ್ತರ ಬಂತು, ‘ಇಷ್ಟು ಸ್ಪಷ್ಟವಾಗಿ ಬರೆದದ್ದಕ್ಕೆ ಧನ್ಯವಾದ’ ಎಂದು ಶುರುವಾಗಿತ್ತು. ಅದನ್ನು ಎಷ್ಟು ಸಲ ಓದಿದೆನೋ.

ಫಾರ್ಸಿ (ಪರ್ಷಿಯನ್) ಭಾಷೆಯ ಒಬ್ಬರು ನಡುವೆ ಬಂದು, ತಮ್ಮ ಬರವಣಿಗೆಯಲ್ಲಿ ಈ ಅಕ್ಷರ ಪದದ ನಡುವೆ ಸದಾ ಬರುತ್ತದೆ, ಹೋಲಿಸುವಾಗಲೂ ಅಲ್ಲಿ ಕೈಬಿಡಬೇಡಿ ಎಂದರು. ನಮ್ಮ ಜಗುಲಿಯಲ್ಲಿ ಕುಳಿತು ಫಾರ್ಸಿಯವರ ಕಷ್ಟ ಕೇಳುತ್ತೇನೆ ಎಂದು ಎಂದೂ ಎಣಿಸಿರಲಿಲ್ಲ. ಪದದ ಕೊನೆಯಲ್ಲಿ ಇದ್ದರೆ ಮಾತ್ರ ಬಿಡುವುದು ಎಂದು ಒಪ್ಪಿಕೊಂಡೆವು. ಡೆಪ್ತ್ 1 ಕೊಟ್ಟು ಕ್ಲೋನ್ ಮಾಡಿದೆ, ಮೊದಲ ಸಲಕ್ಕೇ ಇಳಿಯಿತು. ಕೋಡ್ ನಾಲ್ಕು ಸಾಲು, ಪರೀಕ್ಷೆ ಹದಿನಾಲ್ಕು ಸಾಲು. ಕರೆಂಟ್ ಇಲ್ಲದ ಎರಡು ಸಂಜೆ ಮಾಡಿ ಮುಗಿಸಿದೆ. ಒಂದು ಸಲ ತಿದ್ದಿಸಿದರು, ಮೊನ್ನೆ ಗುರುವಾರ ಸೇರಿಸಿಕೊಂಡರು. ಪರೀಕ್ಷೆಯ ಕಡತದಲ್ಲಿ ‘ಡೀಸೆಲ್’ ಕನ್ನಡದಲ್ಲೇ ಇದೆ.

ನಿನ್ನೆ ಅಪ್ಪ ಹೊಸದೊಂದು ತೋರಿಸಿದರು. ಮೊತ್ತದ ಜಾಗದಲ್ಲಿ ಅವರ ಕೀಬೋರ್ಡ್ ಕನ್ನಡ ಅಂಕಿ ಹಾಕುತ್ತದೆ. ‘೧೨೫೦’ ಎಂದು ಬರೆದರೆ ಆ್ಯಪ್ ಸೊನ್ನೆ ಎಂದು ತೆಗೆದುಕೊಳ್ಳುತ್ತದೆ. ಇದನ್ನು ಹಳೆಯ ಇಶ್ಯೂವಿನ ಕೆಳಗೇ ಬರೆಯಬೇಕೋ, ಹೊಸದು ತೆರೆಯಬೇಕೋ?

ಸಾಗರದ ಮೇಷ್ಟ್ರು

ಹೊಸದು ತೆರೆಯಿರಿ, ಒಂದು ಇಶ್ಯೂವಿಗೆ ಒಂದೇ ವಿಷಯ. ಪೈಥಾನ್‌ನ ‘ಇಂಟ್’ ‘೧೨೫೦’ನ್ನು ಹಾಗೇ ಓದಿ 1250 ಕೊಡುತ್ತದೆ, ಜಾವಾಸ್ಕ್ರಿಪ್ಟ್‌ನ ‘ನಂಬರ್’ ಓದುವುದಿಲ್ಲ. ನಿಮ್ಮ ಆ್ಯಪ್ ಜಾವಾಸ್ಕ್ರಿಪ್ಟ್‌ನಲ್ಲಿದ್ದರೆ ಮೊದಲು ಅಲ್ಲಿ ಹುಡುಕಿ. ಇಶ್ಯೂ ಬರೆಯುವಾಗ ಅಪ್ಪ ಯಾವ ಕೀಬೋರ್ಡ್ ಉಪಯೋಗಿಸುತ್ತಾರೆ ಎಂಬುದನ್ನೂ ಸೇರಿಸಿ.